ಸೋಮವಾರದಿಂದ ಶನಿವಾರದವರೆಗಿನ ನಂಬಿಕೆ: ಕನ್ನಡ ಕ್ರೈಸ್ತರಿಗೊಂದು ಸಮಗ್ರ ಮಾರ್ಗದರ್ಶಿ

ದೀಕ್ಷಾಸ್ನಾನವಾಗಿ, ದೃಢೀಕರಣವೂ ಮುಗಿದು, ಸಭೆಯ ದಾಖಲೆಯಲ್ಲಿ ಹೆಸರಿದ್ದರೂ ವಾರದ ಆರು ದಿನ ನಂಬಿಕೆಯ ನೆನಪೇ ಇಲ್ಲದೆ ಬದುಕುವವರು ನಮ್ಮಲ್ಲಿ ಕಡಿಮೆಯಿಲ್ಲ. ಇವರಲ್ಲಿ ಹೆಚ್ಚಿನವರು ಒಂದು ದಿನ ಕುಳಿತು ಯೋಚಿಸಿ ಕ್ರಿಸ್ತನನ್ನು ಬಿಟ್ಟವರಲ್ಲ. ಕೆಲಸದ ಪಾಳಿ ಬದಲಾದಾಗ ಬೆಳಗಿನ ಪ್ರಾರ್ಥನೆ ತಪ್ಪಿತು. ಮಗುವಿನ ಟ್ಯೂಷನ್ ಭಾನುವಾರಕ್ಕೆ ಬಂದಾಗ ಆರಾಧನೆ ತಪ್ಪಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮನೆ ಬದಲಾಯಿಸಿದ ಮೇಲೆ ಸಭೆಯ ಸದಸ್ಯತ್ವದ ಪತ್ರ ತರಿಸಿಕೊಳ್ಳುವ ಕೆಲಸ ಮುಂದಕ್ಕೆ ಹೋಗುತ್ತಲೇ ಉಳಿಯಿತು. ದೊಡ್ಡ ಶೋಧನೆಗಳಿಗೆ ನಾವು ಎದೆಗೊಟ್ಟು ನಿಲ್ಲುತ್ತೇವೆ, ಸಾಧಾರಣ ವಾರಗಳಲ್ಲಿ ಜಾರುತ್ತೇವೆ. ಹಾಗಾಗಿ ಇಲ್ಲಿ ಹೇಳುವ ಹೆಜ್ಜೆಗಳೆಲ್ಲ ಸಾಧಾರಣ ವಾರವೊಂದನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದರ ಸುತ್ತಲೇ ಇವೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥಡಿಸ್ಟ್, ಕಥೋಲಿಕ, ಪೆಂತೆಕೋಸ್ತ ಎಂಬ ಭೇದವಿಲ್ಲದೆ ಇವುಗಳಲ್ಲಿ ಬಹುಪಾಲು ಎಲ್ಲರಿಗೂ ಒಪ್ಪುತ್ತವೆ. ಒಪ್ಪದಿರುವ ಕಡೆ ಆ ವ್ಯತ್ಯಾಸವನ್ನು ಅಲ್ಲಲ್ಲೇ ಸೂಚಿಸಿದ್ದೇನೆ.

ಮೊದಲ ಹೆಜ್ಜೆ: ಹೊತ್ತನ್ನೂ ಜಾಗವನ್ನೂ ನಿಗದಿ ಮಾಡಿ

ದಾನಿಯೇಲನ ಗ್ರಂಥದ 6ನೆಯ ಅಧ್ಯಾಯದಲ್ಲಿ, ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಿದವರನ್ನು ಸಿಂಹಗಳ ಗವಿಗೆ ಹಾಕಬೇಕೆಂಬ ನಿಷೇಧಾಜ್ಞೆಗೆ ಸಹಿಯಾಗಿದೆಯೆಂದು ತಿಳಿದ ಮೇಲೂ ದಾನಿಯೇಲನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮಹಡಿಯ ಕೋಣೆಯಲ್ಲಿ, ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದನು. ಅವನು ಮೊದಲು ಮಾಡುತ್ತಿದ್ದಂತೆಯೇ ಮಾಡಿದನು ಎಂದು ಅಲ್ಲಿ ಹೇಳಿರುವುದನ್ನು ಗಮನಿಸಬೇಕು. ಸಿಂಹದ ಗವಿಯ ಹಿಂದಿನ ದಿನ ಅವನು ಹೊಸದಾಗಿ ಏನನ್ನೂ ಆರಂಭಿಸಲಿಲ್ಲ. ಹೊತ್ತು, ಕೋಣೆ, ಕಿಟಕಿ ಎಲ್ಲವೂ ವರ್ಷಗಳ ಹಿಂದೆಯೇ ಗೊತ್ತಾಗಿದ್ದವು.

ನಿಮ್ಮ ದಿನದಲ್ಲಿ ಯಾರೂ ಕಸಿದುಕೊಳ್ಳಲಾಗದ ಹದಿನೈದು ನಿಮಿಷಗಳು ಯಾವುವು ಎಂದು ಹುಡುಕಿ. ಎಲ್ಲರೂ ಬೆಳಗಿನ ಜಾವವನ್ನೇ ಹೇಳುತ್ತಾರೆ, ಆದರೆ ಮಕ್ಕಳ ಡಬ್ಬಿ ಕಟ್ಟಿ, ಕುಡಿಯುವ ನೀರು ಹಿಡಿದು, ಏಳೂವರೆಯ ಬಸ್ಸು ಹಿಡಿಯಬೇಕಾದ ತಾಯಿಗೆ ಆ ಹೊತ್ತು ಸಿಗುವುದೇ ಇಲ್ಲ. ಅಂಥವರಿಗೆ ಎಲ್ಲರೂ ಹೊರಟುಹೋದ ನಂತರದ ಹತ್ತು ಗಂಟೆಯೋ, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನವೋ ಸರಿಯಾದೀತು. ರಾತ್ರಿ ಪಾಳಿಯವರು ಮಲಗುವ ಮುನ್ನದ ಬೆಳಗನ್ನು ಆರಿಸಿಕೊಳ್ಳಬಹುದು. ಮುಖ್ಯವಾದದ್ದು, ಆ ಹೊತ್ತು ದಿನವೂ ನಡೆಯುವ ಇನ್ನೊಂದು ಕೆಲಸದ ಬೆನ್ನಿಗೇ ಬರಬೇಕು: ಕಾಫಿ ಕುಡಿದ ಕೂಡಲೇ, ಸ್ನಾನವಾದ ಕೂಡಲೇ ಎಂಬಂತೆ. ಆಗ ನೆನಪಿಸಲು ಅಲಾರಾಂ ಬೇಕಾಗುವುದಿಲ್ಲ.

ಜಾಗದ ವಿಷಯ ಇನ್ನೂ ಸುಲಭ. ಒಂದು ಕುರ್ಚಿ, ಅದರ ಪಕ್ಕದಲ್ಲಿ ಅಚ್ಚಾದ ಸತ್ಯವೇದ, ಒಂದು ನೋಟ್‌ಬುಕ್ಕು, ಒಂದು ಪೆನ್ನು. ಮೊಬೈಲಿನಲ್ಲಿ ಓದುವುದು ತಪ್ಪಲ್ಲ, ಆದರೆ ಓದುತ್ತಿರುವಾಗಲೇ ಆಫೀಸಿನ ಗುಂಪಿನ ಸಂದೇಶ ಮೇಲಿನಿಂದ ಇಳಿದು ಬರುತ್ತದೆ. ಮೊಬೈಲೇ ಗತಿಯೆಂದಾದರೆ ಆ ಹದಿನೈದು ನಿಮಿಷ ಇಂಟರ್ನೆಟ್ ಆರಿಸಿಡಿ. ಬೆಳಿಗ್ಗೆ ಎದ್ದು ನಲವತ್ತು ಜನರಿಗೆ ಗುಲಾಬಿ ಹೂವಿನ ಚಿತ್ರದೊಡನೆ ದಿನದ ವಾಕ್ಯವನ್ನು ಫಾರ್ವರ್ಡ್ ಮಾಡುವುದು ಓದಿನ ಲೆಕ್ಕಕ್ಕೆ ಬರುವುದಿಲ್ಲ. ಕಳುಹಿಸುವವರೂ ಅದನ್ನು ಓದಿರುವುದಿಲ್ಲವೆಂಬುದು ನನ್ನ ಗುಮಾನಿ.

ಎರಡನೆಯ ಹೆಜ್ಜೆ: ಓದಲು ಮುಗಿಯುವಂಥ ಕ್ರಮವೊಂದನ್ನು ಆರಿಸಿ

ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಬಳ್ಳಾರಿಯ ದುಡಿಮೆಯಿಂದ 1831ರಲ್ಲಿ ಕನ್ನಡದ ಸಂಪೂರ್ಣ ಸತ್ಯವೇದ ಬೆಳಕು ಕಂಡಿತು. ಅಂದಿನಿಂದ ಇಂದಿನವರೆಗೆ ಭಾಷೆ ಪರಿಷ್ಕಾರಗೊಳ್ಳುತ್ತ ಬಂದಿದೆ. ಹಳೆಯ ಅನುವಾದದ ಗಾಂಭೀರ್ಯ ಬಾಯಿಪಾಠಕ್ಕೂ ಪ್ರಾರ್ಥನೆಗೂ ಒಪ್ಪುತ್ತದೆ. ಪೌಲನ ಪತ್ರಿಕೆಗಳ ಉದ್ದನೆಯ ವಾಕ್ಯಗಳಲ್ಲಿ ದಾರಿ ತಪ್ಪಿದಾಗ ಸರಳ ಕನ್ನಡದ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66 ಗ್ರಂಥಗಳೂ ಕಥೋಲಿಕರದರಲ್ಲಿ 73 ಗ್ರಂಥಗಳೂ ಇರುವುದರಿಂದ, ಬೇರೆಯವರಿಂದ ಪಡೆದ ಓದಿನ ಪಟ್ಟಿಯನ್ನು ಬಳಸುವ ಮೊದಲು ಅದು ನಿಮ್ಮ ಪ್ರತಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.

ಹೊಸ ವರ್ಷದ ರಾತ್ರಿಯ ಆರಾಧನೆ ಮುಗಿಸಿಕೊಂಡು ಬಂದು, ಈ ವರ್ಷ ಇಡೀ ಸತ್ಯವೇದವನ್ನು ಓದಿ ಮುಗಿಸುತ್ತೇನೆಂದು ನಿರ್ಧರಿಸುವವರು ಬಹಳ. 66 ಗ್ರಂಥಗಳಲ್ಲಿ 1,189 ಅಧ್ಯಾಯಗಳಿವೆ, ಎಂದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳನ್ನು ಆ ವೇಗದಲ್ಲಿ ದಾಟಿದವರು ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡದ ಹೋಮ ನೈವೇದ್ಯಗಳ ವಿವರಕ್ಕೆ ಬಂದು ನಿಲ್ಲುತ್ತಾರೆ, ಮತ್ತು ಅಲ್ಲಿಯೇ ಉಳಿಯುತ್ತಾರೆ. ಇದುವರೆಗೆ ಕ್ರಮವಾಗಿ ಓದಿ ಅಭ್ಯಾಸವಿಲ್ಲದವರು ಮಾರ್ಕನ ಸುವಾರ್ತೆಯಿಂದ ಆರಂಭಿಸಲಿ. ಅದರಲ್ಲಿ 16 ಅಧ್ಯಾಯಗಳಷ್ಟೇ ಇವೆ. ದಿನಕ್ಕೊಂದರಂತೆ ಓದಿದರೂ ಮೂರು ವಾರದೊಳಗೆ ಒಂದು ಗ್ರಂಥ ಪೂರ್ತಿಯಾಗುತ್ತದೆ. ಆಮೇಲೆ ಯೋಹಾನನ 21 ಅಧ್ಯಾಯಗಳು, ನಂತರ ಅಪೊಸ್ತಲರ ಕೃತ್ಯಗಳು.

ಒಂದು ವರ್ಷದ ಕ್ರಮ ಬೇಕೆನ್ನುವವರಿಗೆ ನಾನು ಹೇಳುವುದು ಇದು: ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ, ವಾರಕ್ಕೆ ಐದು ಓದಿದರೆ ಸರಿಯಾಗಿ 52 ವಾರಗಳಾಗುತ್ತವೆ. ವಾರದಲ್ಲಿ ಎರಡು ದಿನ ಖಾಲಿ ಉಳಿಯುತ್ತವೆ, ಜ್ವರ ಬಂದ ದಿನದ, ಊರಿಗೆ ಹೋದ ದಿನದ ಬಾಕಿಯನ್ನು ಆಗ ತೀರಿಸಬಹುದು. ಬಾಕಿ ತೀರಿಸಲು ಜಾಗವಿಲ್ಲದ ಯಾವ ಪಟ್ಟಿಯೂ ಫೆಬ್ರವರಿಯನ್ನು ದಾಟುವುದಿಲ್ಲ. ಇದರ ಜೊತೆಗೆ ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿದರೆ 150 ಕೀರ್ತನೆಗಳು ಐದು ತಿಂಗಳಲ್ಲಿ ಮುಗಿಯುತ್ತವೆ. 176 ವಚನಗಳ 119ನೆಯ ಕೀರ್ತನೆಯನ್ನು ಮಾತ್ರ ಎಂಟೆಂಟು ವಚನಗಳಾಗಿ ಒಡೆದುಕೊಳ್ಳಿ. ಮೂಲದಲ್ಲಿಯೂ ಅದು ಇಬ್ರಿಯ ಅಕ್ಷರಮಾಲೆಯಂತೆ ಎಂಟೆಂಟರ 22 ಗುಂಪುಗಳಾಗಿಯೇ ಇದೆ.

ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಯಿರಿ. ಈ ಭಾಗದಲ್ಲಿ ಏನು ನಡೆಯಿತು ಎಂಬುದು ಒಂದು ಸಾಲು, ಇವತ್ತು ನಾನು ಇದರಿಂದ ಮಾಡಬೇಕಾದದ್ದೇನು ಎಂಬುದು ಇನ್ನೊಂದು. ಎರಡನೆಯ ಸಾಲಿನಲ್ಲಿ ಒಬ್ಬ ಮನುಷ್ಯನ ಹೆಸರೋ ಒಂದು ಕೆಲಸವೋ ಇರಲೇಬೇಕು. 'ಎಲ್ಲರನ್ನೂ ಪ್ರೀತಿಸಬೇಕು' ಎಂದು ಬರೆದರೆ ಸಂಜೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ. 'ಮಾತು ಬಿಟ್ಟಿರುವ ಅತ್ತಿಗೆಗೆ ಇಂದು ಫೋನ್ ಮಾಡಬೇಕು' ಎಂದು ಬರೆದರೆ ಆಗುತ್ತದೆ.

ಮೂರನೆಯ ಹೆಜ್ಜೆ: ಪ್ರಾರ್ಥನೆಗೆ ಒಂದು ಚೌಕಟ್ಟು

ಏನು ಪ್ರಾರ್ಥಿಸಬೇಕೆಂದು ತೋಚದೆ ಸುಮ್ಮನಾಗುವವರು ಮೊದಲು ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಹಿಡಿಯಲಿ. ಆದಿ ಸಭೆಯ ಕಾಲದ ಉಪದೇಶದ ಹೊತ್ತಗೆಯೊಂದರಲ್ಲಿ ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂಬ ಸೂಚನೆಯಿದೆ. ಒಂದೇ ಉಸಿರಿಗೆ ಹೇಳಿ ಮುಗಿಸದೆ ಒಂದೊಂದು ಬೇಡಿಕೆಯ ಬಳಿಯೂ ನಿಲ್ಲಿ. ಅನುದಿನದ ಆಹಾರದ ಬೇಡಿಕೆಗೆ ಬಂದಾಗ ಈ ತಿಂಗಳ ಬಾಡಿಗೆ, ಮಗಳ ಕಾಲೇಜಿನ ಶುಲ್ಕ, ಅಡವಿಟ್ಟ ಒಡವೆ ಎಲ್ಲವನ್ನೂ ಹೇಳಿ. ಕ್ಷಮೆಯ ಬೇಡಿಕೆಗೆ ಬಂದಾಗ ನಿಮಗೆ ತಪ್ಪು ಮಾಡಿದವರ ಹೆಸರನ್ನು ಹೇಳಿ. ಕಥೋಲಿಕರಿಗೆ ಜಪಸರವೂ, ಬೆಳಿಗ್ಗೆ ಮಧ್ಯಾಹ್ನ ಸಂಜೆ ಚರ್ಚಿನ ಗಂಟೆ ಬಾರಿಸಿದಾಗ ಹೇಳುವ ಪ್ರಾರ್ಥನೆಯೂ ಇದೇ ಕೆಲಸವನ್ನು ಮಾಡುತ್ತವೆ. ಬರೆದಿಟ್ಟ ಪ್ರಾರ್ಥನೆಯಲ್ಲಿ ಜೀವವಿಲ್ಲವೆಂದು ಕೆಲವರು ಹೇಳುತ್ತಾರೆ. ಕೀರ್ತನೆಗಳೆಲ್ಲವೂ ಬರೆದಿಟ್ಟ ಪ್ರಾರ್ಥನೆಗಳೇ ಎಂಬುದನ್ನು ಅವರು ಮರೆತಿರಬೇಕು; ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು.

ಇತರರಿಗಾಗಿ ಪ್ರಾರ್ಥಿಸಲು ಹೆಸರುಗಳನ್ನು ವಾರದ ದಿನಗಳಿಗೆ ಹಂಚಿಕೊಳ್ಳಿ: ಸೋಮವಾರ ಮನೆಯವರು, ಮಂಗಳವಾರ ಕೆಲಸದ ಕಡೆಯವರು, ಬುಧವಾರ ರೋಗಿಗಳು, ಹೀಗೆ. 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂದು ಯಾರಿಗಾದರೂ ಮಾತು ಕೊಟ್ಟರೆ ಆ ಹೆಸರು ಅಂದೇ ಪಟ್ಟಿಗೆ ಸೇರಲಿ, ಇಲ್ಲವೇ ಅಲ್ಲಿಯೇ ನಿಂತು ಅರ್ಧ ನಿಮಿಷ ಪ್ರಾರ್ಥಿಸಿಬಿಡಿ.

ರಾತ್ರಿ ಮಲಗುವ ಮುನ್ನ ಐದು ನಿಮಿಷ ಆತ್ಮಪರಿಶೋಧನೆಗೆ ಇಡಿ. 16ನೆಯ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಕ್ರಮಕ್ಕಿಂತ ಸರಳವಾದುದನ್ನು ನಾನು ಕಂಡಿಲ್ಲ, ಪ್ರೊಟೆಸ್ಟೆಂಟರಿಗೂ ಅದರಲ್ಲಿ ಅಡ್ಡಿಯಾಗುವಂಥದ್ದೇನಿಲ್ಲ. ದಿನದ ಉಪಕಾರಗಳಿಗಾಗಿ ಕೃತಜ್ಞತೆ ಹೇಳುವುದು, ತಪ್ಪುಗಳನ್ನು ಕಾಣುವ ಬೆಳಕನ್ನು ಬೇಡುವುದು, ಬೆಳಗಿನಿಂದ ಗಂಟೆಗಂಟೆಗೂ ಏನು ಯೋಚಿಸಿದೆ, ಏನು ಆಡಿದೆ, ಏನು ಮಾಡಿದೆ ಎಂದು ನೋಡುವುದು, ಕ್ಷಮೆ ಕೇಳುವುದು, ನಾಳೆ ತಿದ್ದಿಕೊಳ್ಳಬೇಕಾದುದನ್ನು ಗೊತ್ತುಮಾಡಿಕೊಳ್ಳುವುದು. ಕೃತಜ್ಞತೆ ಮೊದಲು ಬರುತ್ತದೆ ಎಂಬುದರಲ್ಲಿಯೇ ಅದರ ಜಾಣ್ಮೆಯಿದೆ. ತಪ್ಪುಗಳ ಪಟ್ಟಿಯಿಂದ ಆರಂಭಿಸಿದವರು ಮೂರನೆಯ ರಾತ್ರಿಗೆ ಬಿಟ್ಟುಬಿಡುತ್ತಾರೆ.

ನಾಲ್ಕನೆಯ ಹೆಜ್ಜೆ: ಮನೆಯವರೊಡನೆ ಕುಟುಂಬ ಪ್ರಾರ್ಥನೆ

ಹಿಂದಿನ ತಲೆಮಾರಿನ ಕುಟುಂಬ ಪ್ರಾರ್ಥನೆ ಒಂದು ಗಂಟೆಯದಾಗಿತ್ತು, ಮಕ್ಕಳು ತೂಕಡಿಸಿ ಬೈಸಿಕೊಳ್ಳುತ್ತಿದ್ದರು. ಇವತ್ತಿಗೆ ಹನ್ನೆರಡು ನಿಮಿಷ ಸಾಕು: ಒಂದು ಗೀತೆ, ಒಂದು ಸಣ್ಣ ವಾಚನ, ಎರಡು ಮೂರು ಜನರ ಪ್ರಾರ್ಥನೆ, ಕೊನೆಯಲ್ಲಿ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಊಟಕ್ಕೆ ಮೊದಲು ಇಟ್ಟುಕೊಂಡರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಪ್ರತಿದಿನ ಆಗದಿದ್ದರೆ ವಾರದಲ್ಲಿ ಮೂರು ದಿನವಾದರೂ ಹೆಸರಿಟ್ಟು ಗೊತ್ತುಮಾಡಿ.

ಕನ್ನಡ ಮನೆಗಳಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ ಮತ್ತು ಹೊರದೇಶಗಳಲ್ಲಿ, ಇಲ್ಲೊಂದು ತೊಡಕಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮಾತಿನ ಕನ್ನಡ ಬರುತ್ತದೆ, ಸತ್ಯವೇದದ ಕನ್ನಡ ಬರುವುದಿಲ್ಲ. ಅಜ್ಜಿಗೆ ಮೊಮ್ಮಕ್ಕಳ ಇಂಗ್ಲಿಷ್ ಗೀತೆ ಅರ್ಥವಾಗುವುದಿಲ್ಲ. ಆರಾಧನೆಗೂ ಅವರು ಬೇರೆಬೇರೆ ಹೊತ್ತಿಗೆ, ಕೆಲವೊಮ್ಮೆ ಬೇರೆಬೇರೆ ಚರ್ಚುಗಳಿಗೆ ಹೋಗುತ್ತಾರೆ. ಹೀಗಿರುವಾಗ ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಲು ಮನೆಯ ಆ ಹನ್ನೆರಡು ನಿಮಿಷವೇ ಉಳಿದಿರುವ ಸೇತುವೆ. ಒಂದೇ ಭಾಗವನ್ನು ಮಗು ತನಗೆ ಬರುವ ಭಾಷೆಯಲ್ಲಿ ಓದಲಿ, ಹಿರಿಯರು ಕನ್ನಡದಲ್ಲಿ ಓದಲಿ. ತಿಂಗಳಿಗೊಂದು ಕನ್ನಡ ಗೀತೆಯನ್ನು ರಾಗ ಸಮೇತ ಎಲ್ಲರೂ ಕಲಿಯಲಿ. 23ನೆಯ ಕೀರ್ತನೆ, 121ನೆಯ ಕೀರ್ತನೆ, ಮತ್ತಾಯನ 5ನೆಯ ಅಧ್ಯಾಯದ ಧನ್ಯವಚನಗಳು, ಇಷ್ಟು ಕನ್ನಡದಲ್ಲಿ ಬಾಯಿಗೆ ಬರುವಂತಾದರೆ ಆ ಮಗು ಮುಂದೆ ಸಾವಿನ ಮನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಅಜ್ಜಿಯ ಪಕ್ಕ ಕುಳಿತಾಗ ಏನು ಹೇಳಬೇಕೆಂದು ತಡಕಾಡುವುದಿಲ್ಲ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಬರೆದಿಟ್ಟುಕೊಂಡು, ಭಾನುವಾರ ಅಯ್ಯನವರನ್ನೋ ಫಾದರನ್ನೋ ಕೇಳಿ ಹೇಳಿ. ಗದರಿಸಿ ಬಾಯಿ ಮುಚ್ಚಿಸಿದ ಪ್ರಶ್ನೆ ಹಾಸ್ಟೆಲಿಗೆ ಹೋದ ಮೇಲೆ ಮತ್ತೆ ತಲೆ ಎತ್ತುತ್ತದೆ.

ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿಯಾಗಿದ್ದರೆ ಒತ್ತಾಯದ ಕುಟುಂಬ ಪ್ರಾರ್ಥನೆಗೆ ಹೋಗಬೇಡಿ. ಸಭೆಯ ಇನ್ನೊಂದು ಕುಟುಂಬದ ಮನೆಪ್ರಾರ್ಥನೆಗೆ ವಾರಕ್ಕೊಮ್ಮೆ ಸೇರಿಕೊಳ್ಳುವುದು ಉತ್ತಮ.

ಐದನೆಯ ಹೆಜ್ಜೆ: ಸಭೆಯನ್ನು ಬಿಡದಿರುವುದು

ಕೂಡಿಬರುವುದನ್ನು ಬಿಟ್ಟುಬಿಡಬಾರದೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯ ಎಚ್ಚರಿಸುತ್ತದೆ. ಬಿಡುವ ರೂಢಿ ಆಗಲೇ ಕೆಲವರಲ್ಲಿತ್ತು ಎಂಬುದೂ ಅದೇ ವಾಕ್ಯದಿಂದ ತಿಳಿಯುತ್ತದೆ. ಊರು ಬದಲಾಯಿಸಿದವರು ಮೊದಲ ತಿಂಗಳಲ್ಲಿಯೇ ಹೊಸ ಸಭೆಯನ್ನು ಗೊತ್ತುಮಾಡಿಕೊಂಡು, ಹಳೆಯ ಸಭೆಯಿಂದ ಪತ್ರ ತರಿಸಿ, ಸಭಾಪಾಲಕರನ್ನು ಮನೆಗೆ ಕರೆಯಬೇಕು. ಆರು ತಿಂಗಳು ಬೇರೆಬೇರೆ ಚರ್ಚುಗಳ ಪ್ರಸಂಗಗಳನ್ನು ರುಚಿ ನೋಡುತ್ತ ಸುತ್ತಿದವರು ಯಾವ ಸಭೆಗೂ ಸೇರದೆ ಉಳಿಯುತ್ತಾರೆ. ಭಾನುವಾರ ಡ್ಯೂಟಿಯಿರುವ ನರ್ಸ್, ಪೊಲೀಸ್, ಬಸ್ ಚಾಲಕ, ಹೋಟೆಲ್ ಕೆಲಸಗಾರ ಮೊದಲಾದವರಿಗೆ ಕಥೋಲಿಕ ಚರ್ಚುಗಳಲ್ಲಿ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ್ದೆಂದೇ ಸಲ್ಲುತ್ತದೆ. ಪ್ರೊಟೆಸ್ಟೆಂಟರು ಬೆಳಗಿನ ಮೊದಲ ಆರಾಧನೆಯನ್ನೋ ಸಂಜೆಯದನ್ನೋ ವಾರದ ಮಧ್ಯದ ಕೂಟವನ್ನೋ ಆರಿಸಿಕೊಳ್ಳಬಹುದು. ಕುವೈತಿನಂಥ ಕಡೆ ಶುಕ್ರವಾರವೇ ವಾರದ ರಜೆಯಾದ್ದರಿಂದ ಅಲ್ಲಿರುವ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರು ಶುಕ್ರವಾರವೇ ಚರ್ಚಿಗೆ ಹೋಗಿ ಬಂದದ್ದನ್ನು ಕೇಳಿರುತ್ತೀರಿ. ಯು.ಎ.ಇ. 2022ರ ಜನವರಿಯಿಂದ ವಾರಾಂತ್ಯವನ್ನು ಶನಿವಾರ ಮತ್ತು ಭಾನುವಾರಕ್ಕೆ ಬದಲಾಯಿಸಿತು. ದಿನ ಯಾವುದಾದರೂ ಇರಲಿ, ಕೂಡಿಬರುವುದು ತಪ್ಪದಿರಲಿ.

ಜಗಳದ ಮಾತನ್ನೂ ಮುಚ್ಚಿಡದೆ ಹೇಳಬೇಕು. ಪಾಸ್ಟರೇಟ್ ಕಮಿಟಿಯ ಚುನಾವಣೆ, ಚರ್ಚಿನ ಆಸ್ತಿ, ಲೆಕ್ಕಪತ್ರ, ಯಾರಿಗೆ ಯಾವ ಸ್ಥಾನ ಎಂಬ ಕಾರಣಗಳಿಂದ ನಂಬಿಕೆ ಬಿಟ್ಟವರ ಸಂಖ್ಯೆ ಹೊರಗಿನ ಶೋಧನೆಯಿಂದ ಬಿಟ್ಟವರಿಗಿಂತ ಹೆಚ್ಚೇ ಇರಬಹುದೆಂದು ನನಗನ್ನಿಸುತ್ತದೆ. ಮತ್ತಾಯ 18ನೆಯ ಅಧ್ಯಾಯದಲ್ಲಿ ಇದಕ್ಕೆ ಕ್ರಮವಿದೆ: ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ನಾವು ಸಾಮಾನ್ಯವಾಗಿ ಮೂರನೆಯದರಿಂದ, ಅದೂ ವಾಟ್ಸಾಪ್ ಗುಂಪಿನಲ್ಲಿ, ಆರಂಭಿಸುತ್ತೇವೆ. ಹಣದ ದುರುಪಯೋಗ, ದೌರ್ಜನ್ಯದಂಥ ಅಪರಾಧಗಳು ಬೇರೆ; ಅವುಗಳನ್ನು ಕಾನೂನಿನ ಮುಂದಿಡಲು ಈ ವಚನ ಅಡ್ಡಿಯಲ್ಲ. ಆದರೆ ಒಬ್ಬ ಮುಖಂಡನ ಮೇಲಿನ ಸಿಟ್ಟಿಗೆ ಪ್ರಭು ಭೋಜನವನ್ನು (ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರವನ್ನು) ಬಿಡುವುದರಿಂದ ಆ ಮುಖಂಡನಿಗೆ ಯಾವ ನಷ್ಟವೂ ಇಲ್ಲ.

ಆರನೆಯ ಹೆಜ್ಜೆ: ಪ್ರಸಾದ, ಆಯುಧಪೂಜೆ, ನೆರೆಹೊರೆಯ ಹಬ್ಬ

ಕರ್ನಾಟಕದಲ್ಲಿ ಕ್ರೈಸ್ತನಾಗಿ ಬದುಕುವವನಿಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು, ಮತ್ತು ತಯಾರಿಯಿಲ್ಲದೆ ಎದುರಾಗುವ ಪ್ರಶ್ನೆಯೂ ಇದೇ. ತಟ್ಟೆ ಮುಂದೆ ಬಂದಾಗ ಯೋಚಿಸಲು ಕುಳಿತರೆ, ಒಂದೋ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುತ್ತೇವೆ, ಇಲ್ಲವೇ ನೆರೆಯವರ ಮುಖಕ್ಕೆ ಹೊಡೆದಂತೆ ಮಾತಾಡುತ್ತೇವೆ. ಆದ್ದರಿಂದ ಹಬ್ಬಕ್ಕೆ ಮೊದಲೇ, ಮನೆಯವರೆಲ್ಲ ಕೂತು, ಸತ್ಯವೇದವನ್ನು ತೆರೆದು ತೀರ್ಮಾನಿಸಿಕೊಳ್ಳಿ.

ಓದಬೇಕಾದ ಭಾಗಗಳು ಮೂರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ರಿಂದ 10ನೆಯ ಅಧ್ಯಾಯಗಳಲ್ಲಿ ಪೌಲನು ವಿಷಯವನ್ನು ಹಲವು ಕಡೆಯಿಂದ ನೋಡುತ್ತಾನೆ. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಬಹುದು. ಯಾರಾದರೂ ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಬಹುದು. ಆದರೆ ಇದು ದೇವರಿಗೆ ಅರ್ಪಿಸಿದ್ದು ಎಂದು ಒಬ್ಬನು ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು. ಪೂಜೆಯ ಪಂಕ್ತಿಯಲ್ಲಿಯೇ ಪಾಲುಗೊಳ್ಳುವುದು ಮಾತ್ರ ಕರ್ತನ ಮೇಜಿನೊಡನೆ ಹೊಂದುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ ಎರಡನೆಯದು: ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಮೂರನೆಯದು ಅಷ್ಟಾಗಿ ಯಾರೂ ನೆನೆಯದ ಎರಡನೆಯ ಅರಸುಗಳು 5ನೆಯ ಅಧ್ಯಾಯ. ಕುಷ್ಠ ವಾಸಿಯಾದ ಅರಾಮ್ಯರ ಸೇನಾಪತಿ ನಾಮಾನನು, ಇನ್ನು ಮುಂದೆ ಯೆಹೋವನೊಬ್ಬನಿಗೇ ಯಜ್ಞ ಮಾಡುತ್ತೇನೆಂದು ಹೇಳಿ, ಆದರೂ ತನ್ನ ಒಡೆಯನಾದ ಅರಸನು ರಿಮ್ಮೋನನ ಗುಡಿಯಲ್ಲಿ ತನ್ನ ಕೈಯ ಮೇಲೆ ಒರಗಿ ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆಯಿರಲಿ ಎಂದು ಕೇಳುತ್ತಾನೆ. ಸಮಾಧಾನದಿಂದ ಹೋಗು ಎಂದಷ್ಟೇ ಪ್ರವಾದಿ ಎಲೀಷನು ಉತ್ತರಿಸುತ್ತಾನೆ. ನೌಕರಿಯ ಇಕ್ಕಟ್ಟಿನಲ್ಲಿರುವವರು ಈ ಉತ್ತರದ ಮೃದುತ್ವವನ್ನು ನೆನಪಿಡಬೇಕು, ಅವರಿಗೆ ತೀರ್ಪು ಹೇಳುವವರು ಇನ್ನೂ ಹೆಚ್ಚಾಗಿ.

ಇದನ್ನು ಆಚರಣೆಗೆ ಇಳಿಸುವುದು ಹೀಗೆ. ಕಾರ್ಖಾನೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ, ಡಿಪೋದಲ್ಲಿ ಆಯುಧಪೂಜೆ ಹತ್ತಿರವಾದಾಗ ಒಂದು ವಾರ ಮೊದಲೇ ಹಿರಿಯ ಸಹೋದ್ಯೋಗಿಯೊಬ್ಬರ ಬಳಿ ಖಾಸಗಿಯಾಗಿ ಮಾತಾಡಿ: 'ಸರ್, ಯಂತ್ರ ತೊಳೆಯುವುದು, ಅಲಂಕಾರ, ಸಿಹಿ ಹಂಚುವುದು ಎಲ್ಲಕ್ಕೂ ನಾನಿದ್ದೇನೆ. ಆರತಿ ಎತ್ತುವುದಕ್ಕೆ ಮಾತ್ರ ನನ್ನನ್ನು ಕರೆಯಬೇಡಿ, ನಮ್ಮಲ್ಲಿ ಆ ಪದ್ಧತಿಯಿಲ್ಲ.' ಹೀಗೆ ಮುಂಚಿತವಾಗಿ, ವಿನಯದಿಂದ ಹೇಳಿದ ಮಾತಿಗೆ ನಮ್ಮ ಜನ ಬೇಸರಪಡುವುದು ಅಪರೂಪ. ಪೂಜೆಯ ನಡುವೆ ಹಿಂದೆ ಸರಿದರೆ ಬೇಸರಪಡುವುದು ಸಹಜ. ದಾನಿಯೇಲನೂ ಅರಮನೆಯ ಊಟವನ್ನು ನಿರಾಕರಿಸುವಾಗ ಅಧಿಕಾರಿಯನ್ನು ಬೇಡಿಕೊಂಡು, ಹತ್ತು ದಿನ ಪರೀಕ್ಷಿಸಿ ನೋಡಿ ಎಂದು ದಾರಿಯನ್ನೂ ತಾನೇ ತೋರಿಸಿದ. ಪಕ್ಕದ ಮನೆಯವರು ಪ್ರಸಾದವನ್ನು ಬಾಗಿಲಿಗೆ ತಂದುಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು ಧನ್ಯವಾದ ಹೇಳಿ. ತಿನ್ನುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಯ, ನಿಮ್ಮ ಸಭೆಯ ಬೋಧನೆಯ ವಿಷಯ. ಕೊಟ್ಟವರ ಕಣ್ಣೆದುರು ತಿರಸ್ಕರಿಸಲು ಸತ್ಯವೇದದ ಆಧಾರವೇನೂ ಬೇಕಾಗಿಲ್ಲ, ಒರಟುತನವೊಂದೇ ಸಾಕು.

ಅವರ ತಟ್ಟೆ ಖಾಲಿಯಾಗಿ ಹಿಂತಿರುಗಬಾರದು ಎಂಬ ನಮ್ಮ ಊರುಗಳ ರೂಢಿಯನ್ನೂ ಉಳಿಸಿಕೊಳ್ಳಿ. ಕ್ರಿಸ್ಮಸ್ಸಿಗೆ ಕರಾವಳಿಯವರು ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಹಂಚುವಂತೆ, ನಿಮ್ಮ ಮನೆಯ ಕೇಕೋ ಕರ್ಜಿಕಾಯಿಯೋ ಬೀದಿಯ ಪ್ರತಿ ಮನೆಗೂ ಹೋಗಲಿ, ಸಸ್ಯಾಹಾರಿಗಳ ಮನೆಗೆ ಮೊಟ್ಟೆಯಿಲ್ಲದ್ದು ಹೋಗಲಿ. ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಕೊಡಬೇಕೆಂದು ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯ ಹೇಳುತ್ತದೆ. ಕೇಳಿದಷ್ಟಕ್ಕೆ ಹೇಳಿ, ಇನ್ನೊಬ್ಬರ ದೇವರನ್ನು ಹಳಿದು ಯಾರಿಗೂ ಸುವಾರ್ತೆ ತಲುಪಿಲ್ಲ.

ಏಳನೆಯ ಹೆಜ್ಜೆ: ದುಡಿಮೆ ಮತ್ತು ದುಡ್ಡು

ಸುಂಕ ವಸೂಲಿಯ ಮುಖ್ಯಸ್ಥ ಜಕ್ಕಾಯನು ಯೇಸುವನ್ನು ಮನೆಗೆ ಕರೆದುಕೊಂಡು ಹೋದ ದಿನ ಆಡಿದ ಮಾತು ಲೆಕ್ಕದ ಮಾತು: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ನಮ್ಮ ನಂಬಿಕೆಯೂ ಲೆಕ್ಕದ ಪುಸ್ತಕದಲ್ಲಿ ಕಾಣಿಸಬೇಕು. ನೀವು ಮಾಡುವ ಉದ್ಯೋಗದಲ್ಲಿ ಎಲ್ಲರೂ ಸಾಮಾನ್ಯವೆಂದು ಒಪ್ಪಿಕೊಂಡಿರುವ ತಪ್ಪು ಯಾವುದು ಎಂದು ಬರೆದುಕೊಳ್ಳಿ. ಸುಳ್ಳು ಪ್ರಯಾಣ ಬಿಲ್ಲು, ಕಡತ ಮುಂದೆ ಸರಿಯಲು ಕೈಬೆಚ್ಚಗೆ, ತೂಕದಲ್ಲಿ ಐವತ್ತು ಗ್ರಾಮು, ಬಾರದವರಿಗೆ ಹಾಜರಿ, ಮನೆಗೆಲಸದವಳಿಗೆ ರಜೆಯ ಸಂಬಳ ಕಡಿತ. ಅವುಗಳಲ್ಲಿ ಒಂದನ್ನು ಈ ತಿಂಗಳು ನಿಲ್ಲಿಸಿ. ಲಂಚ ಕೇಳುವ ಕಡೆ ಕೊಡದಿದ್ದರೆ ಕೆಲಸ ತಡವಾಗುತ್ತದೆ. ಆ ತಡವನ್ನು ಮೊದಲೇ ಲೆಕ್ಕ ಹಿಡಿದು ಅರ್ಜಿಯನ್ನು ಎರಡು ತಿಂಗಳು ಮುಂಚೆ ಹಾಕುವುದು, ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯುವುದು, ಮಾಹಿತಿ ಹಕ್ಕು ಮತ್ತು ಸಕಾಲ ಯೋಜನೆಯ ಗಡುವುಗಳನ್ನು ತಿಳಿದಿರುವುದು, ಇವೆಲ್ಲ ಪ್ರಾರ್ಥನೆಯಷ್ಟೇ ಅಗತ್ಯ.

ಕೊಡುವ ವಿಷಯದಲ್ಲಿ ದಶಮಾಂಶವೇ ಆಗಬೇಕೇ ಎಂಬ ಚರ್ಚೆ ಹಳೆಯದು. ನನ್ನ ಸಲಹೆ, ಶೇಕಡಾವಾರು ಎಷ್ಟೆಂದು ಸಂಬಳದ ದಿನವೇ ನಿರ್ಧರಿಸಿ ತೆಗೆದಿಡಿ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಆದಾಯಕ್ಕೆ ತಕ್ಕಂತೆ ತೆಗೆದಿಡಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಇದನ್ನೇ. ಹಣವಿಲ್ಲದವರಿಗೂ ದಾರಿಯಿದೆ: ಮಿಜೋರಾಂನ ಕ್ರೈಸ್ತ ಹೆಂಗಸರು 1910ರಲ್ಲಿ ಆರಂಭಿಸಿದ ಪದ್ಧತಿಯಂತೆ ಅಲ್ಲಿನ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ, ಹಾಗೆ ಕೂಡಿಸಿದ ಅಕ್ಕಿಯನ್ನು ಮಾರಿದ ಹಣ ಸಭೆಗೆ ಸೇರುತ್ತದೆ. ನಮ್ಮ ಸ್ತ್ರೀ ಸಂಘಗಳು ರಾಗಿಯಲ್ಲಿಯೂ ಜೋಳದಲ್ಲಿಯೂ ಇದನ್ನು ಮಾಡಲು ಅಡ್ಡಿಯೇನಿಲ್ಲ.

ಎಂಟನೆಯ ಹೆಜ್ಜೆ: ಉಪವಾಸ ಮತ್ತು ವರ್ಷದ ಕಾಲಗಳು

ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳೂ, ಬೂದಿ ಬುಧವಾರದಿಂದ ಈಸ್ಟರಿನವರೆಗಿನ ತಪಸ್ಸಿನ ಕಾಲವೂ ಸಡಿಲವಾದುದನ್ನು ಬಿಗಿದುಕೊಳ್ಳಲು ಸಭೆ ಕೊಟ್ಟಿರುವ ಅವಕಾಶಗಳು. ತಪಸ್ಸಿನ ಕಾಲದ 46 ದಿನಗಳಲ್ಲಿ ಆರು ಭಾನುವಾರಗಳನ್ನು ಕಳೆದರೆ 40 ಉಳಿಯುತ್ತವೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಮಾಂಸ ಬಿಡುವುದರ ಜೊತೆಗೆ ಉಳಿದ ಹಣ ಎಲ್ಲಿಗೆ ಹೋಗಬೇಕೆಂಬುದನ್ನೂ ಗೊತ್ತುಮಾಡಿ, ಯಾಕೆಂದರೆ ಹಸಿದವನಿಗೆ ಅನ್ನ ಹಂಚದ ಉಪವಾಸವನ್ನು ಯೆಶಾಯನ 58ನೆಯ ಅಧ್ಯಾಯ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಹೊತ್ತುಹೊತ್ತಿಗೆ ಮಾತ್ರೆ ನುಂಗುವವರು ಊಟ ಬಿಡದೆ ಟಿ.ವಿ. ಧಾರಾವಾಹಿಯನ್ನೋ ಮೊಬೈಲನ್ನೋ ಬಿಡಲಿ.

ಒಂಬತ್ತನೆಯ ಹೆಜ್ಜೆ: ಒಣಗಿದ ದಿನಗಳಲ್ಲಿ

ಮೇಲಿನದನ್ನೆಲ್ಲ ಮಾಡಿಯೂ ಒಳಗೆ ಏನೂ ಅನ್ನಿಸದ ತಿಂಗಳುಗಳು ಬರುತ್ತವೆ. ಅದು ನಂಬಿಕೆ ಸತ್ತ ಲಕ್ಷಣವೆಂದು ಹೆದರಿ ಬಿಡುವವರಿದ್ದಾರೆ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷಗಳ ನಂತರ 2007ರಲ್ಲಿ ಪ್ರಕಟವಾದ ಅವರ ಖಾಸಗಿ ಪತ್ರಗಳಿಂದ, ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವಿಲ್ಲದೆಯೇ ಅವರು ದಿನವೂ ಪ್ರಾರ್ಥಿಸಿ ರೋಗಿಗಳ ಸೇವೆ ಮಾಡಿದ್ದರೆಂದು ಲೋಕಕ್ಕೆ ತಿಳಿಯಿತು. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯಾಗಿಯೇ ಸತ್ಯವೇದದಲ್ಲಿದೆ. ಅಂಥ ದಿನಗಳಲ್ಲಿ ನಿಮ್ಮ ಸ್ವಂತ ಮಾತುಗಳನ್ನು ಹುಡುಕಬೇಡಿ. 13, 42, 88ನೆಯ ಕೀರ್ತನೆಗಳನ್ನು ಗಟ್ಟಿಯಾಗಿ ಓದಿ, ಕರ್ತನ ಪ್ರಾರ್ಥನೆ ಹೇಳಿ ಏಳಿ.

ದೇಹವನ್ನೂ ವಿಚಾರಿಸಿಕೊಳ್ಳಿ. ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎದ್ದು ಊಟಮಾಡು ಎಂದನು, ಮತ್ತೆ ಮಲಗಿದಾಗ ಎರಡನೆಯ ಸಲವೂ ಅದನ್ನೇ ಹೇಳಿದನು. ನಿದ್ದೆಯಿಲ್ಲದೆ, ಹಸಿವಿಲ್ಲದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯದೆ ಅಂದೇ ಮನೆಯವರಿಗೆ ಹೇಳಿ ವೈದ್ಯರ ಬಳಿಗೆ ಹೋಗಬೇಕು. ಖಿನ್ನತೆಗೆ ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಸಂದೇಹ ಬಂದವರಿಗೆ ತೋಮನ ಕಥೆ. ಪುನರುತ್ಥಾನದ ದಿನದ ಸಂಜೆ ಶಿಷ್ಯರು ಕೂಡಿದ್ದಾಗ ಅವನು ಅಲ್ಲಿರಲಿಲ್ಲ. ಅವರ ಮಾತನ್ನು ಅವನು ನಂಬಲೂ ಇಲ್ಲ. ಆದರೆ ಎಂಟು ದಿನಗಳ ಮೇಲೆ, ಸಂದೇಹವನ್ನು ಇಟ್ಟುಕೊಂಡೇ, ಅದೇ ಗುಂಪಿನೊಳಗೆ ಕುಳಿತಿದ್ದನು. ಉಳಿದವರೂ ಅವನನ್ನು ಹೊರಗೆ ಹಾಕಿರಲಿಲ್ಲ. ನಿಮ್ಮ ಸಂದೇಹಗಳನ್ನು ಹೇಳಿಕೊಳ್ಳಲು ಒಬ್ಬ ಹಿರಿಯ ವಿಶ್ವಾಸಿಯನ್ನು, ತಿಂಗಳಿಗೊಮ್ಮೆ ಭೇಟಿಯಾಗುವ ಮಾತಿನ ಮೇಲೆ, ಈಗಲೇ ಆರಿಸಿಕೊಳ್ಳಿ. ಬೇಗ ಉತ್ತರ ಹೇಳುವವರಿಗಿಂತ ಪೂರ್ತಿ ಕೇಳಿಸಿಕೊಳ್ಳುವವರನ್ನು ಹುಡುಕಿ, ಹೆಂಗಸರು ಹೆಂಗಸರನ್ನೂ ಗಂಡಸರು ಗಂಡಸರನ್ನೂ ಆರಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಸುಲಭ.

ಹತ್ತನೆಯ ಹೆಜ್ಜೆ: ತಪ್ಪಿದ ಮೇಲೆ, ಮತ್ತು ಕೈಲಾಗದಾದ ಮೇಲೆ

ಮೂರು ವಾರ ಓದು ತಪ್ಪಿದರೆ ಹಳೆಯ ಬಾಕಿಯನ್ನೆಲ್ಲ ತೀರಿಸಲು ಹೋಗಬೇಡಿ. ಇವತ್ತಿನ ತಾರೀಖಿನ ಭಾಗದಿಂದಲೇ ಹಿಡಿಯಿರಿ. ವರ್ಷಗಟ್ಟಲೆ ಸಭೆಯಿಂದ ದೂರವಿದ್ದವರು ಹಬ್ಬದ ಜನಜಂಗುಳಿಯ ದಿನಕ್ಕೆ ಕಾಯದೆ ಸಾಧಾರಣ ಭಾನುವಾರವೊಂದರಂದು ಹೋಗಲಿ, ಅಂದು ಸಭಾಪಾಲಕರಿಗೆ ಮಾತಾಡಲು ಬಿಡುವಿರುತ್ತದೆ. ಕಥೋಲಿಕರಾದರೆ ಮೊದಲು ಪಾಪನಿವೇದನೆ ಮಾಡಬೇಕು. ಕ್ರಮ ಮರೆತಿದೆಯೆಂದು ಗುರುಗಳಿಗೆ ನೇರವಾಗಿ ಹೇಳಿದರೆ ಅವರೇ ನಡೆಸಿಕೊಡುತ್ತಾರೆ.

ಮುಪ್ಪಿನಿಂದಲೋ ಕಾಯಿಲೆಯಿಂದಲೋ ಚರ್ಚಿಗೆ ಹೋಗಲಾಗದವರು ಆರಾಧನೆಯ ನೇರ ಪ್ರಸಾರವನ್ನು ನೋಡುತ್ತಾರೆ, ಒಳ್ಳೆಯದೇ. ಆದರೆ ಪ್ರಭು ಭೋಜನವನ್ನು ಮನೆಗೇ ತರಿಸಿಕೊಳ್ಳುವ ಅವಕಾಶವಿದೆಯೆಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅಯ್ಯನವರಿಗೆ ತೊಂದರೆಯೇಕೆಂದು ಕೇಳುವುದಿಲ್ಲ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ, ಅಸ್ವಸ್ಥನಾದವನೇ ಸಭೆಯ ಹಿರಿಯರನ್ನು ಕರೆಸಬೇಕೆಂದು ಹೇಳಿದೆ. ಕರೆಯುವುದು ರೋಗಿಯ ಕೆಲಸ, ಬರುವುದು ಅವರ ಕೆಲಸ. ನಾಲ್ಕೈದು ದಿನ ಮುಂಚಿತವಾಗಿ ಚರ್ಚಿನ ಕಚೇರಿಗೆ ತಿಳಿಸಿ, ರೋಗಿ ನುಂಗಬಲ್ಲರೇ, ಔಷಧದ ಹೊತ್ತು ಯಾವುದು ಎಂಬುದನ್ನೂ ಹೇಳಿಬಿಡಿ. ಹಾಸಿಗೆಯ ಪಕ್ಕದಲ್ಲಿ ಸಣ್ಣ ಮೇಜು, ಅದರ ಮೇಲೆ ಒಗೆದ ಬಿಳಿಯ ಬಟ್ಟೆ, ಒಂದು ಲೋಟ ನೀರು ಇರಲಿ. ಟಿ.ವಿ. ಆರಿಸಿ, ಮನೆಯಲ್ಲಿರುವವರೆಲ್ಲ ಒಂದು ಅರ್ಧ ಗಂಟೆ ಆ ಕೋಣೆಯಲ್ಲಿರುವಂತೆ ನೋಡಿಕೊಳ್ಳಿ, ಮತ್ತು ರೋಗಿಗೆ ಬಾಯಿಪಾಠವಾಗಿರುವ ಗೀತೆ ಯಾವುದೆಂದು ಅಯ್ಯನವರು ಬರುವ ಮೊದಲೇ ಕೇಳಿಟ್ಟುಕೊಳ್ಳಿ.